ಮೇಜಿನ ಮೇಲೆ ಆರ್ನ್‌ಹೆಮ್

ನೆದರ್ಲೆಂಡ್ಸ್ ದೇಶದ ಭೂಪಟವನ್ನು ಒಮ್ಮೆ ತೆಗೆದು ನೋಡಿ. ನಮ್ಮ ಹಳಬರ ಬಾಯಲ್ಲಿ ಅದು ಹಾಲೆಂಡ್. ಬೆಲ್ಜಿಯಂ ಗಡಿಯಿಂದ ಉತ್ತರಕ್ಕೆ ಬೆರಳು ಸರಿಸುತ್ತಾ ಹೋದರೆ ಐಂಡ್‌ಹೋವನ್, ಗ್ರಾವೆ, ನೈಮೇಗನ್, ಕೊನೆಗೆ ಆರ್ನ್‌ಹೆಮ್ ಸಿಗುತ್ತವೆ. ದೂರ ಸುಮಾರು 100 ಕಿಲೋಮೀಟರ್. ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು. ಆದರೆ ಈ ದಾರಿಯಲ್ಲಿ ಕಾಲುವೆಗಳಿವೆ, ಮಾಸ್ ನದಿ ಇದೆ, ವಾಲ್ ನದಿ ಇದೆ, ಕೊನೆಯಲ್ಲಿ ರೈನ್ ನದಿಯ ಒಂದು ಕವಲು ಇದೆ. ಒಂದೊಂದಕ್ಕೂ ಒಂದೊಂದು ಸೇತುವೆ. ಒಂದು ಸೇತುವೆ ಕೈತಪ್ಪಿದರೂ ದಾರಿ ಅಲ್ಲಿಗೇ ನಿಂತಿತು.

ನನ್ನ ಮಗಳು, ಅಳಿಯ ಐಂಡ್‌ಹೋವನ್‌ನಲ್ಲಿದ್ದಾರೆ. ಅವರ ಮಗನಿಗೆ ಹನ್ನೊಂದು ವರ್ಷ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾನೆ, ನಡುನಡುವೆ ಡಚ್ ಪದ ಸೇರಿಸುತ್ತಾನೆ. ಅವನ ಕೋಣೆಯ ತುಂಬ ಡಬ್ಬಗಳು. ಡಬ್ಬಗಳ ತುಂಬ ಒಂದಂಗುಲದ ಪ್ಲಾಸ್ಟಿಕ್ ಸೈನಿಕರು, ಪುಟ್ಟ ಜೀಪುಗಳು, ಟ್ಯಾಂಕುಗಳು, ವಿಮಾನಗಳು. ಅಂಗಡಿಯಿಂದ ತಂದಾಗ ಇವು ಬಿಡಿ ಭಾಗಗಳಾಗಿರುತ್ತವೆ. ಕತ್ತರಿಸಿ, ಉಜ್ಜಿ, ಗೋಂದು ಹಚ್ಚಿ ಜೋಡಿಸಿ, ಮೂರು ಕೂದಲಿನ ಕುಂಚದಿಂದ ಬಣ್ಣ ಬಳಿಯಬೇಕು. ಒಬ್ಬ ಸೈನಿಕನ ಟೋಪಿಯ ಕೆಂಗಂದು ಬಣ್ಣಕ್ಕೆ ಅವನು ಅರ್ಧ ಗಂಟೆ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಮಕ್ಕಳೇ, ಈ ಆಟಿಕೆಗಳ ಅಳತೆಗೆ ಒಂದು ಲೆಕ್ಕ ಇದೆ. ಡಬ್ಬದ ಮೇಲೆ 1:72 ಎಂದು ಬರೆದಿರುತ್ತದೆ. ನಿಜವಾದ ವಸ್ತುವಿನ ಉದ್ದವನ್ನು 72ರಿಂದ ಭಾಗಿಸಿದರೆ ಆಟಿಕೆಯ ಉದ್ದ ಬರುತ್ತದೆ. 180 ಸೆಂಟಿಮೀಟರ್ ಎತ್ತರದ ಮನುಷ್ಯ ಎರಡೂವರೆ ಸೆಂಟಿಮೀಟರ್ ಆಗುತ್ತಾನೆ. ರೆಕ್ಕೆಯಿಂದ ರೆಕ್ಕೆಗೆ 29 ಮೀಟರ್ ಇರುವ ಡಕೋಟಾ ವಿಮಾನ 40 ಸೆಂಟಿಮೀಟರ್‌ಗೆ ಇಳಿಯುತ್ತದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಸೈನಿಕರಿಗಿಂತ ಈ ಲೆಕ್ಕವೇ ಮೊದಲು ರುಚಿಸಿತು.

ಈ ಹವ್ಯಾಸ ಹೊಸದೇನಲ್ಲ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿಯೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಹಾಕಿಕೊಟ್ಟರು. ನಿಜವಾದ ಯುದ್ಧಕ್ಕಿಂತ ಆಟದ ಯುದ್ಧವೇ ಮೇಲು ಎಂಬುದು ಅವರ ವಾದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಶುರುವಾಯಿತು.

ಮೊಮ್ಮಗ ಆಡಲು ಆರಿಸಿಕೊಂಡದ್ದು ಆರ್ನ್‌ಹೆಮ್ ಸೇತುವೆಯ ಕದನ. ಅದಕ್ಕೆ ಕಾರಣವೂ ಇದೆ. ಅವನ ಊರಿಗೆ ಸ್ವಾತಂತ್ರ್ಯ ಬಂದದ್ದು ಅದೇ ಕಾರ್ಯಾಚರಣೆಯಲ್ಲಿ, 1944ರ ಸೆಪ್ಟೆಂಬರ್ 18ರಂದು. ಪ್ರತಿವರ್ಷ ಆ ದಿನ ಐಂಡ್‌ಹೋವನ್‌ನಲ್ಲಿ ಬೀದಿಬೀದಿಗೆ ದೀಪಾಲಂಕಾರ ಮಾಡುತ್ತಾರೆ. ಹುಡುಗ ಹುಟ್ಟಿದಾಗಿನಿಂದ ಆ ದೀಪಗಳನ್ನು ನೋಡಿದ್ದಾನೆ.

ನಡೆದದ್ದು ಇಷ್ಟು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ನಾಲ್ಕು ವರ್ಷ ಈ ದೇಶವನ್ನು ಹಿಡಿದಿಟ್ಟುಕೊಂಡಿತ್ತು. ಮಿತ್ರಪಡೆಗಳು ಫ್ರಾನ್ಸ್, ಬೆಲ್ಜಿಯಂಗಳನ್ನು ಬಿಡಿಸಿಕೊಂಡು ಗಡಿಗೆ ಬಂದು ನಿಂತಿದ್ದವು. ಬ್ರಿಟಿಷ್ ಫೀಲ್ಡ್ ಮಾರ್ಷಲ್ ಮಾಂಟ್‌ಗೊಮರಿ ಒಂದು ಯೋಜನೆ ಹಾಕಿದರು. ಆಕಾಶದಿಂದ ಸೈನಿಕರನ್ನು ಇಳಿಸಿ ಎಲ್ಲ ಸೇತುವೆಗಳನ್ನೂ ಒಟ್ಟಿಗೆ ಹಿಡಿಯುವುದು, ಆಮೇಲೆ ಕೆಳಗಿನಿಂದ ಟ್ಯಾಂಕುಗಳು ಒಂದೇ ರಸ್ತೆಯಲ್ಲಿ ನುಗ್ಗಿ ಎಲ್ಲರನ್ನೂ ಸೇರಿಕೊಳ್ಳುವುದು. ಆಕಾಶದ ಭಾಗಕ್ಕೆ ‘ಮಾರ್ಕೆಟ್’, ನೆಲದ ಭಾಗಕ್ಕೆ ‘ಗಾರ್ಡನ್’ ಎಂದು ಗುಪ್ತನಾಮ. ಐಂಡ್‌ಹೋವನ್ ಸುತ್ತ ಅಮೆರಿಕದ 101ನೇ ಡಿವಿಷನ್, ಗ್ರಾವೆ ಮತ್ತು ನೈಮೇಗನ್ ಸುತ್ತ 82ನೇ ಡಿವಿಷನ್, ತುದಿಯ ಆರ್ನ್‌ಹೆಮ್‌ನಲ್ಲಿ ಬ್ರಿಟಿಷರ 1ನೇ ವಾಯುದಳ ಡಿವಿಷನ್. ಟ್ಯಾಂಕುಗಳು ಎರಡು ದಿನದಲ್ಲಿ ಆರ್ನ್‌ಹೆಮ್ ತಲುಪುತ್ತವೆ ಎಂಬುದು ಅಂದಾಜು.

ಸೆಪ್ಟೆಂಬರ್ 17, ಭಾನುವಾರ. ಅಮಾವಾಸ್ಯೆ. ಕತ್ತಲಲ್ಲಿ ಇಳಿಯುವುದು ಅಸಾಧ್ಯವಾದ್ದರಿಂದ ಹಾಡುಹಗಲಲ್ಲೇ ಇಳಿದರು.

ಪುಸ್ತಕ ಓದಿ ಮೇಜು ಸಿದ್ಧಮಾಡುವ ಮೊದಲು ಸ್ಥಳ ನೋಡಿಬರೋಣ ಎಂದೆ. ಸಾಲ ಕೊಡುವ ಮೊದಲು ಜಮೀನು ನೋಡಿಬರುವುದು ನಮ್ಮ ಹಳೆಯ ಪದ್ಧತಿ. ನಾವು ಹೊರಟದ್ದೂ ಸೆಪ್ಟೆಂಬರ್ ತಿಂಗಳಲ್ಲೇ. ಅಳಿಯ ಕಾರು ಓಡಿಸಿದರು. ನನ್ನ ಹೆಂಡತಿ ಚಿತ್ರಾನ್ನ, ಚಕ್ಕುಲಿ ಕಟ್ಟಿಕೊಂಡಳು.

ಐಂಡ್‌ಹೋವನ್ ದಾಟಿದ ಕೂಡಲೇ ಸೋನ್ ಎಂಬ ಊರು, ಅಲ್ಲೊಂದು ಕಾಲುವೆ. 1944ರಲ್ಲಿ ಅಮೆರಿಕನ್ನರು ಇದರ ಹತ್ತಿರ ಬರುತ್ತಿದ್ದಂತೆಯೇ ಜರ್ಮನರು ಸೇತುವೆಯನ್ನು ಸಿಡಿಸಿಬಿಟ್ಟರು. ಎಂಜಿನಿಯರುಗಳು ರಾತ್ರಿಯಿಡೀ ದುಡಿದು ಬಿಡಿ ಉಕ್ಕಿನ ಭಾಗಗಳ ಬೈಲಿ ಸೇತುವೆ ಜೋಡಿಸಿ, 19ರ ಬೆಳಗ್ಗೆ ಟ್ಯಾಂಕುಗಳನ್ನು ದಾಟಿಸಿದರು. ಆ ಹೊತ್ತಿಗೆ ಎರಡು ದಿನದ ಲೆಕ್ಕ ಮುಗಿಯುತ್ತಾ ಬಂದಿತ್ತು. ನಮ್ಮ ಕಾರು ಆ ಕಾಲುವೆಯನ್ನು ಅರ್ಧ ನಿಮಿಷದಲ್ಲಿ ದಾಟಿತು.

ನೈಮೇಗನ್‌ನಲ್ಲಿ ವಾಲ್ ನದಿ ಅಗಲವಾಗಿದೆ, ಸೆಳೆತವೂ ಜೋರು. ಸೇತುವೆಯ ಆ ತುದಿ ಹಿಡಿಯಲು ಅಮೆರಿಕನ್ ಸೈನಿಕರು 20ರ ಮಧ್ಯಾಹ್ನ ಕ್ಯಾನ್ವಾಸ್ ಬಟ್ಟೆಯ ದೋಣಿಗಳಲ್ಲಿ, ಗುಂಡಿನ ಮಳೆಯ ನಡುವೆ ನದಿ ದಾಟಿದರು. ಆ ಸ್ಥಳದಲ್ಲಿ ಈಗ ಹೊಸ ಸೇತುವೆಯೊಂದಿದೆ. ದಾಟುವಾಗ ಸತ್ತ 48 ಜನರಿಗಾಗಿ ಅಲ್ಲಿ 48 ಜೋಡಿ ದೀಪಗಳಿವೆ. ದಿನವೂ ಸಂಜೆ ಅವು ಒಂದಾದ ಮೇಲೊಂದರಂತೆ, ಮನುಷ್ಯ ನಿಧಾನವಾಗಿ ನಡೆಯುವ ವೇಗದಲ್ಲಿ ಹೊತ್ತಿಕೊಳ್ಳುತ್ತವೆ. ಯಾರಾದರೊಬ್ಬ ಮಾಜಿ ಸೈನಿಕರು ಅವುಗಳ ಜೊತೆಜೊತೆಗೇ ನಡೆದುಹೋಗುತ್ತಾರೆ. ಹಿಂತಿರುಗುವಾಗ ನಾವೂ ಅವರ ಹಿಂದೆ ಹೆಜ್ಜೆ ಹಾಕಿದೆವು. ಯಾರೂ ಭಾಷಣ ಮಾಡಲಿಲ್ಲ.

ಆರ್ನ್‌ಹೆಮ್ ಸೇತುವೆ ನೋಡಿದಾಗ ಮೊಮ್ಮಗನಿಗೆ ಸ್ವಲ್ಪ ನಿರಾಸೆ. ಬಸ್ಸು, ಸೈಕಲ್, ಕಾರುಗಳು ಓಡಾಡುವ ಮಾಮೂಲಿ ಉಕ್ಕಿನ ಕಮಾನು ಸೇತುವೆ. ಮೂಲ ಸೇತುವೆಯನ್ನು 1944ರ ಅಕ್ಟೋಬರ್‌ನಲ್ಲಿ ಅಮೆರಿಕನ್ ವಿಮಾನಗಳು ಬಾಂಬ್ ಹಾಕಿ ಕೆಡವಿದವು. ಯುದ್ಧ ಮುಗಿದ ಮೇಲೆ ಅದೇ ಆಕಾರದಲ್ಲಿ ಮತ್ತೆ ಕಟ್ಟಿದರು. ಈಗ ಅದಕ್ಕೆ ಜಾನ್ ಫ್ರಾಸ್ಟ್ ಸೇತುವೆ ಎಂದು ಹೆಸರು. ಗಾಂಧೀಜಿಯ ಚಲನಚಿತ್ರ ಮಾಡಿದ ರಿಚರ್ಡ್ ಅಟೆನ್‌ಬರೋ ಅವರೇ ಅದಕ್ಕೂ ಮೊದಲು, 1977ರಲ್ಲಿ, ಈ ಕದನದ ಬಗ್ಗೆಯೂ ಚಿತ್ರ ಮಾಡಿದ್ದರು. ಆದರೆ ಆರ್ನ್‌ಹೆಮ್ ಅಷ್ಟು ಹೊತ್ತಿಗೆ ಬದಲಾಗಿದ್ದರಿಂದ ಸೇತುವೆಯ ದೃಶ್ಯಗಳನ್ನು ಡೆವೆಂಟರ್ ಎಂಬ ಬೇರೆ ಊರಿನಲ್ಲಿ ತೆಗೆದರು.

ಲೆಫ್ಟಿನೆಂಟ್ ಕರ್ನಲ್ ಜಾನ್ ಫ್ರಾಸ್ಟ್ ಇಲ್ಲಿಗೆ ತಲುಪಿದ ಬ್ರಿಟಿಷ್ ಅಧಿಕಾರಿ. ಹಳ್ಳಿಯ ಕಡೆ ಬೇಟೆಗಾರರು ಕೊಂಬು ಊದುವಂತೆ ಅವರು ತಮ್ಮ ಬೇಟೆಯ ಕಹಳೆ ಊದಿ ಸೈನಿಕರನ್ನು ಕೂಡಿಸುತ್ತಿದ್ದರು. ಮೊದಲ ದಿನ ಸಂಜೆ ಸೇತುವೆಯ ಉತ್ತರ ತುದಿ ಅವರ ಕೈಗೆ ಬಂತು. ಅಲ್ಲಿ ಸೇರಿದ್ದು ಸುಮಾರು 740 ಜನ. ಇಡೀ ಡಿವಿಷನ್ ಬಂದು ಎರಡು ದಿನ ಕಾಯಬೇಕಾಗಿದ್ದ ಜಾಗವನ್ನು ಈ ಸಣ್ಣ ಗುಂಪು 21ರ ಬೆಳಗಿನವರೆಗೆ, ಅಂದರೆ ಮೂರು ಹಗಲು ನಾಲ್ಕು ರಾತ್ರಿ, ಕಾದುಕೊಂಡಿತು. ಟ್ಯಾಂಕುಗಳು ಬರಲೇ ಇಲ್ಲ. ಮದ್ದುಗುಂಡು ಮುಗಿಯಿತು, ಸುತ್ತಲಿನ ಮನೆಗಳು ಉರಿದುಹೋದವು.

ಉಳಿದವರು ಎಲ್ಲಿದ್ದರು? ಅದನ್ನು ತಿಳಿಯಬೇಕಾದರೆ ಸೇತುವೆಯಿಂದ ಪಶ್ಚಿಮಕ್ಕೆ ಹೋಗಬೇಕು. ನಾವು ಹೋದೆವು. ಸೇತುವೆಯ ಬಳಿ ವಿಮಾನ ಹೊಡೆಯುವ ಫಿರಂಗಿಗಳಿವೆ, ನದಿಯಾಚೆಯ ನೆಲ ತಗ್ಗು ಎಂಬ ಕಾರಣ ಕೊಟ್ಟು ಇಳಿಯುವ ಬಯಲುಗಳನ್ನು ಸುಮಾರು 12 ಕಿಲೋಮೀಟರ್ ದೂರದಲ್ಲಿ ಆರಿಸಿದ್ದರು. ಜೊತೆಗೆ ವಿಮಾನಗಳು ಸಾಲದೆ ಡಿವಿಷನ್ನಿನ ಸುಮಾರು ಅರ್ಧ ಭಾಗ ಮಾತ್ರ ಮೊದಲ ದಿನ ಬಂತು. ಬಂದವರಲ್ಲೂ ಬಹಳಷ್ಟು ಜನ ಮರುದಿನದವರಿಗಾಗಿ ಬಯಲು ಕಾಯುತ್ತಾ ಉಳಿಯಬೇಕಾಯಿತು. ವಿಶ್ರಾಂತಿಗಾಗಿ ಎರಡು ಜರ್ಮನ್ ಟ್ಯಾಂಕ್ ಡಿವಿಷನ್ನುಗಳು ಅದೇ ಸುತ್ತಮುತ್ತ ಬೀಡುಬಿಟ್ಟಿದ್ದವು.

ಎರಡನೆಯ ದಿನದವರು ಇಳಿದ ಗಿಂಕೆಲ್ ಬಯಲು ಏಡೆ ಊರಿನ ಪಕ್ಕದಲ್ಲಿದೆ. ಮೊಣಕಾಲೆತ್ತರದ ಹೀದರ್ ಪೊದೆಗಳು, ನೇರಳೆ ಹೂ ಬಾಡುವ ಕಾಲ. ದೂರದಲ್ಲಿ ಕುರಿಹಿಂಡು. ಇಲ್ಲಿಳಿದವರಲ್ಲಿ 156ನೇ ಪ್ಯಾರಾಚೂಟ್ ಬೆಟಾಲಿಯನ್ ಒಂದು. ಅದು ಹುಟ್ಟಿದ್ದು ನಮ್ಮ ಭಾರತದಲ್ಲಿ. 1941ರಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನಿಕರಿಂದಲೇ ಅದನ್ನು ಕಟ್ಟಿದ್ದರು. ಅದೇ ದಿನ ಇಳಿದ 10ನೇ ಬೆಟಾಲಿಯನ್ನಿನ ಲೆಫ್ಟಿನೆಂಟ್ ಪ್ಯಾಟ್ ಗ್ಲೋವರ್ ತಮ್ಮ ಚೀಲದಲ್ಲಿ ಒಂದು ಕೋಳಿಯನ್ನು ಕಟ್ಟಿಕೊಂಡು ಹಾರಿದ್ದರು! ಅದರ ಹೆಸರು ಮರ್ಟಲ್. ಹಿಂದೆ ಹಲವು ಸಲ ಹಾರಿ ಅಭ್ಯಾಸವಾಗಿತ್ತು, ಅದಕ್ಕೂ ಪ್ಯಾರಾಚೂಟ್ ಪದಕ ಸಿಕ್ಕಿತ್ತು. ಪಾಪ, ಆ ಕೋಳಿ ಕದನದಲ್ಲಿ ಸತ್ತಿತು. ಸೈನಿಕರು ಅದನ್ನು ಮರ್ಯಾದೆಯಿಂದ ಹೂಳಿದರು.

ಇನ್ನೊಂದು ಹಕ್ಕಿಯ ಕಥೆ ಸಂತೋಷದ್ದು. ಆರ್ನ್‌ಹೆಮ್‌ನಲ್ಲಿ ಬ್ರಿಟಿಷರ ವೈರ್‌ಲೆಸ್ ಸೆಟ್ಟುಗಳು ಸರಿಯಾಗಿ ಕೆಲಸ ಮಾಡಲಿಲ್ಲ. ಕಾಡು ಮತ್ತು ಮನೆಗಳ ನಡುವೆ ಧ್ವನಿ ತಲುಪುತ್ತಿರಲಿಲ್ಲ. 19ರಂದು ವಿಲಿಯಂ ಆಫ್ ಆರೆಂಜ್ ಎಂಬ ಪಾರಿವಾಳದ ಕಾಲಿಗೆ ಸಂದೇಶ ಕಟ್ಟಿ ಬಿಟ್ಟರು. ಅದು ಸಮುದ್ರ ದಾಟಿ, 260 ಮೈಲಿಯನ್ನು 4 ಗಂಟೆ 25 ನಿಮಿಷದಲ್ಲಿ ಹಾರಿ ಇಂಗ್ಲೆಂಡ್ ಸೇರಿತು. ಮುಂದೆ ಅದಕ್ಕೆ ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಬಂತು.

ಬಯಲಿಗೂ ಸೇತುವೆಗೂ ನಡುವೆ ಓಸ್ಟರ್‌ಬೇಕ್ ಎಂಬ ಹಸಿರು ಊರಿದೆ. ಅಲ್ಲಿನ ಹಾರ್ಟೆನ್‌ಸ್ಟೈನ್ ಎಂಬ ಬಿಳಿ ಕಟ್ಟಡ ಆಗ ಹೋಟೆಲು. ಬ್ರಿಟಿಷ್ ಸೇನಾಧಿಕಾರಿ ಅರ್ಕರ್ಟ್ ಅದನ್ನೇ ತಮ್ಮ ಕೇಂದ್ರ ಮಾಡಿಕೊಂಡಿದ್ದರು. 1978ರಿಂದ ಅದು ವಸ್ತುಸಂಗ್ರಹಾಲಯ. ನೆಲಮಾಳಿಗೆಯಲ್ಲಿ ಅಂದಿನ ಬೀದಿ, ಮನೆ, ವಾಹನಗಳನ್ನು ನಿಜವಾದ ಗಾತ್ರದಲ್ಲಿ ಸಜ್ಜುಮಾಡಿದ್ದಾರೆ. ನಡೆಯುತ್ತಿದ್ದರೆ ಸುತ್ತ ಗುಂಡಿನ ಸದ್ದು, ಬೆಂಕಿಯ ಬೆಳಕು. ಇಷ್ಟು ದಿನ ಎಲ್ಲವನ್ನೂ ಅಂಗುಲದಲ್ಲಿ ಕಂಡಿದ್ದ ಮೊಮ್ಮಗ ನನ್ನ ಕೈ ಹಿಡಿದುಕೊಂಡ. ಮೇಲೆ, ಒಂದು ಮನೆಯ ಗೋಡೆಕಾಗದದ ತುಂಡು ಇಟ್ಟಿದ್ದಾರೆ. ಆ ಮನೆಯಲ್ಲಿ ಅವಿತಿದ್ದ ಬ್ರಿಟಿಷ್ ಸೈನಿಕರು ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಸಾಲುಗಳು ಇನ್ನೂ ಇವೆ.

ಊರಿನ ಹಳೆಯ ಚರ್ಚಿನ ಪಕ್ಕದ ಮನೆಯಲ್ಲಿ ಕೇಟ್ ಟರ್ ಹಾರ್ಸ್ಟ್ ಎಂಬ ತಾಯಿ ಐದು ಮಕ್ಕಳೊಂದಿಗೆ ಇದ್ದರು. ಅವರ ಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಕೋಣೆ, ಮೆಟ್ಟಿಲು, ಅಡುಗೆಮನೆ ಎಲ್ಲ ಕಡೆ ನೂರಾರು ಜನ ಮಲಗಿದ್ದರು. ಮಕ್ಕಳನ್ನು ನೆಲಮಾಳಿಗೆಯಲ್ಲಿ ಬಿಟ್ಟು, ಆ ತಾಯಿ ಮಲಗಿದವರ ನಡುವೆ ಓಡಾಡುತ್ತಾ ಬೈಬಲ್ಲಿನ ಕೀರ್ತನೆ ಓದಿ ಧೈರ್ಯ ಹೇಳುತ್ತಿದ್ದರು. ಸತ್ತವರನ್ನು ಅವರ ಹಿತ್ತಲಿನಲ್ಲೇ ಹೂಳಿದರು.

25ರ ರಾತ್ರಿ ಮಳೆಯಲ್ಲಿ, ಉಳಿದ ಸೈನಿಕರನ್ನು ದೋಣಿಗಳಲ್ಲಿ ರೈನ್ ದಾಟಿಸಿದರು. ನದಿಯಾಚೆ ಡ್ರೀಲ್‌ನಲ್ಲಿ ಇಳಿದಿದ್ದ ಪೋಲೆಂಡಿನ ಪ್ಯಾರಾಚೂಟ್ ದಳವೂ ಇದಕ್ಕೆ ನೆರವಾಯಿತು. ಆ ಒಂಬತ್ತು ದಿನಗಳ ಲೆಕ್ಕ ಹೀಗಿದೆ. ನದಿಯ ಉತ್ತರಕ್ಕೆ ಹೋದವರು 10,000ಕ್ಕೂ ಹೆಚ್ಚು. ಆ ರಾತ್ರಿ ದಾಟಿ ಬಂದವರು ಸುಮಾರು 2,400. ಸತ್ತವರು ಸುಮಾರು 1,500. ಉಳಿದವರಲ್ಲಿ ಹೆಚ್ಚಿನವರು ಸೆರೆಯಾದರು, ಅವರಲ್ಲಿ ಅನೇಕರು ಗಾಯಾಳುಗಳು.

ಮನೆಗೆ ಬಂದು ಕದನವನ್ನು ಕಟ್ಟಲು ಕೂತೆವು. ಮೊದಲ ಎಡವಟ್ಟೇ ದೂರದ್ದು. 1:72ರ ಲೆಕ್ಕ ಹಾಕಿದರೆ 12 ಕಿಲೋಮೀಟರ್ ಎಂದರೆ 167 ಮೀಟರ್! ಯಾವ ಮೇಜು ಸಾಕು? ಆದ್ದರಿಂದ ಸೈನಿಕರಿಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು ಎಂದು ನಿಶ್ಚಯಿಸಿದೆವು. ಈ ಆಟ ಆಡುವವರೆಲ್ಲ ಹೀಗೆಯೇ ಮಾಡುತ್ತಾರೆ. ಒಂದು ಕಿಲೋಮೀಟರಿಗೆ ಒಂದು ಮೀಟರ್. ಮುಂದಿನ ಕೋಣೆಯ ಊಟದ ಮೇಜು ಆರ್ನ್‌ಹೆಮ್. ಅಲ್ಲಿಂದ ಅಡುಗೆಮನೆ ದಾಟಿ ಹನ್ನೆರಡು ಮೀಟರ್ ಹೋದರೆ ಹಿತ್ತಲಿನ ಹುಲ್ಲು, ಅದೇ ಇಳಿಯುವ ಬಯಲು. ಮುಂಬಾಗಿಲಿನಿಂದ ನೂರು ಮೀಟರ್ ದೂರ, ಬೀದಿಯ ಮೂಲೆಯ ಅಂಚೆಡಬ್ಬಿ, ಅದು ಬೆಲ್ಜಿಯಂ ಗಡಿ. ಅಲ್ಲಿಂದ ಹೊರಡುವ ಟ್ಯಾಂಕುಗಳ ದಳಪತಿ ನಮ್ಮ ಅಳಿಯ. ಕಾಲುದಾರಿಯ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಐಂಡ್‌ಹೋವನ್, ಗ್ರಾವೆ, ನೈಮೇಗನ್ ಗುರುತು ಹಾಕಿದೆವು.

ಥರ್ಮೊಕೋಲ್ ಕೊರೆದು ಮನೆ ಮಾಡಿದೆವು. ಪಾತ್ರೆ ತಿಕ್ಕುವ ಹಸಿರು ನಾರು ಹರಿದು ಪೊದೆ ಮಾಡಿದೆವು. ರಟ್ಟು ಮತ್ತು ಐಸ್‌ಕ್ರೀಂ ಕಡ್ಡಿಗಳಲ್ಲಿ ಸೇತುವೆಯ ಕಮಾನು ಎದ್ದಿತು. ಒಂದು ಸರದಿ ಎಂದರೆ ಆರು ಗಂಟೆ. ದಾಳ ಬಿದ್ದಷ್ಟು ನಡೆಯಬೇಕು. ವೈರ್‌ಲೆಸ್ ಕೆಟ್ಟಿದ್ದರಿಂದ ಹಿತ್ತಲಿನವರು ಮುಂದಿನ ಕೋಣೆಗೆ ಕೂಗಿ ಹೇಳುವಂತಿಲ್ಲ. ಚೀಟಿ ಬರೆಯಬೇಕು, ದಾಳದಲ್ಲಿ ಆರು ಬಿದ್ದರೆ ಮಾತ್ರ ಚೀಟಿ ತಲುಪುತ್ತದೆ.

ಮೊಮ್ಮಗ ಫ್ರಾಸ್ಟ್, ನಾನು ಜರ್ಮನ್ ಕಡೆ. ಎರಡನೆಯ ದಿನ ನಾನು ದಕ್ಷಿಣದಿಂದ ಸೇತುವೆ ದಾಟಿಸಿ ವಾಹನಗಳನ್ನು ನುಗ್ಗಿಸಿದೆ. ಗ್ರೇಬ್ನರ್ ಎಂಬ ಅಧಿಕಾರಿ ನಿಜವಾಗಿ ಮಾಡಿದ್ದೂ ಅದನ್ನೇ. ಅವರಿಗಾದ ಗತಿಯೇ ನನಗೂ ಆಯಿತು, ಅರ್ಧಕ್ಕೂ ಹೆಚ್ಚು ವಾಹನ ಸೇತುವೆಯ ಮೇಲೇ ಉಳಿದವು. ಹುಡುಗ ಕುಣಿದಾಡಿದ. ಆದರೆ ಸರದಿಗಳು ಉರುಳಿದಂತೆ ಅವನ ಸೈನಿಕರು ಕಡಿಮೆಯಾಗುತ್ತಾ ಬಂದರು. ಕಿಟಕಿಗೆ ಓಡಿ ಬೀದಿ ನೋಡುತ್ತಿದ್ದ. “ತಾತ, ಅಪ್ಪ ಎಲ್ಲಿದ್ದಾರೆ?” ಅಪ್ಪ ಸೋನ್ ಗುರುತಿನಲ್ಲಿ ಛತ್ರಿ ಹಿಡಿದು ನಿಂತಿದ್ದರು, ದಾಳ ಬಿದ್ದಿರಲಿಲ್ಲ. ಸೇತುವೆ ಬಿದ್ದಾಗ ಅವರು ನೈಮೇಗನ್ ಗುರುತಿನಲ್ಲಿದ್ದರು. ಬಾಗಿಲಿಗೆ ಹದಿನೇಳೇ ಹೆಜ್ಜೆ. ಕಿಟಕಿಯಿಂದ ಅವರ ಮುಖ ಕಾಣುತ್ತಿತ್ತು.

ಅಷ್ಟು ಹೊತ್ತೂ ಸುಮ್ಮನೆ ನೋಡುತ್ತಿದ್ದ ನನ್ನ ಹೆಂಡತಿ ಕೇಳಿದಳು: “ರೀ, ಇಷ್ಟೊಂದು ಮನೆ ಮಾಡಿದ್ದೀರಲ್ಲ, ಒಳಗೆ ಯಾರೂ ಇರಲಿಲ್ವಾ?”

ಇದ್ದರು. ಡಬ್ಬದಲ್ಲಿ ಅಂಥ ಗೊಂಬೆಗಳು ಇರಲಿಲ್ಲ, ಅಷ್ಟೆ. ಕದನ ಮುಗಿಯುವ ಮೊದಲೇ ಜರ್ಮನರು ಆರ್ನ್‌ಹೆಮ್‌ನ ಜನರನ್ನೆಲ್ಲ ಊರು ಬಿಡಿಸಿದರು. ಸುಮಾರು ಒಂದು ಲಕ್ಷ ಜನ ಕೈಗಾಡಿ, ಸೈಕಲ್, ಮಗುವಿನ ತಳ್ಳುಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟರು. ಮಿತ್ರಪಡೆಗೆ ನೆರವಾಗಲೆಂದು ರೈಲ್ವೆ ನೌಕರರು ಮುಷ್ಕರ ಹೂಡಿದ್ದರು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮದ ಊರುಗಳಿಗೆ ಆಹಾರ ಹೋಗದಂತೆ ತಡೆದರು. ಆ ಚಳಿಗಾಲದ ಹಸಿವಿಗೆ ಸುಮಾರು 20,000 ಜನ ಬಲಿಯಾದರು. ‘ರೋಮನ್ ಹಾಲಿಡೇ’ ನೋಡಿದ ಅಜ್ಜ ಅಜ್ಜಿಯರಿಗೆ ಆಡ್ರಿ ಹೆಪ್‌ಬರ್ನ್ ಗೊತ್ತು. ಆಕೆ ಆಗ ಆರ್ನ್‌ಹೆಮ್ ಪಕ್ಕದ ವೆಲ್ಪ್‌ನಲ್ಲಿದ್ದ ಹದಿನೈದರ ಹುಡುಗಿ, ಆ ಹಸಿವನ್ನು ಉಂಡವಳು. ಮುಂದೆ ಯುನಿಸೆಫ್ ಪರವಾಗಿ ದೇಶದೇಶಗಳ ಹಸಿದ ಮಕ್ಕಳ ಬಳಿಗೆ ಹೋದಳು. ಮೊಮ್ಮಗನ ಊರಿನಲ್ಲೂ, ಸ್ವಾತಂತ್ರ್ಯ ಬಂದ ಮರುದಿನ ಸಂಜೆಯೇ, ಜರ್ಮನ್ ಬಾಂಬುಗಳಿಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಹೆಂಡತಿ ಗೋಧಿಹಿಟ್ಟು ಕಲಸಿ ಕೂತಳು. ದೀಪಾವಳಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡುವ ಕೈ ಅದು. ಅಂಗುಲದ ಹೆಂಗಸರು, ಮುದುಕರು, ಮಕ್ಕಳು, ಒಂದು ತಳ್ಳುಗಾಡಿ ಆಯಿತು. ಚರ್ಚಿನ ಪಕ್ಕದ ಮನೆಯಲ್ಲಿ ಒಬ್ಬ ತಾಯಿ, ಐದು ಮಕ್ಕಳು. ಮೊಮ್ಮಗ ಅವುಗಳಿಗೆ ಬಣ್ಣ ಬಳಿದ. ಮರುದಿನ ಆಟಕ್ಕೆ ಅವನೇ ಹೊಸ ನಿಯಮ ತಂದ: ಜನ ಇರುವ ಮನೆಗೆ ಗುರಿ ಇಡಬೇಕಾದರೆ ಮೊದಲು ಒಂದು ಸರದಿ ಬಿಟ್ಟುಕೊಟ್ಟು ಅವರನ್ನು ಹೊರಗೆ ಸಾಗಿಸಬೇಕು. ಆಟ ಬಹಳ ನಿಧಾನವಾಯಿತು. ಅವನಿಗೆ ಬೇಸರವಾಗಲಿಲ್ಲ.

ಆಕಾಶದಿಂದ ಇಳಿದು ಸೇತುವೆ ಹಿಡಿಯುವ ಕೆಲಸ ನಮ್ಮವರೂ ಮಾಡಿದ್ದಾರೆ ಎಂದು ಅವನಿಗೆ ಹೇಳಿದೆ. 1971ರ ಡಿಸೆಂಬರ್ 11ರಂದು 2ನೇ ಪ್ಯಾರಾ ದಳ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಇಳಿದು ಪುಂಗ್ಲಿ ಸೇತುವೆಯನ್ನು ಹಿಡಿಯಿತು. ಅಲ್ಲಿ ನೆಲದ ಮೇಲಿನ ಮರಾಠಾ ಲೈಟ್ ಇನ್‌ಫೆಂಟ್ರಿ ಬೇಗನೆ ಬಂದು ಕೂಡಿಕೊಂಡಿತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಪ್ಯಾರಾ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ಬೆಂಗಳೂರಿನಲ್ಲಿದೆ. “ಹಾಗಾದರೆ ಅಲ್ಲಿ ಅಪ್ಪ ಬಂದರು” ಎಂದ ಹುಡುಗ.

ಕೊನೆಗೆ ಓಸ್ಟರ್‌ಬೇಕ್‌ನ ಸೈನಿಕ ಸ್ಮಶಾನದ ಮಾತು. ಅಲ್ಲಿ 1,750ಕ್ಕೂ ಹೆಚ್ಚು ಸಮಾಧಿಗಳಿವೆ. ಒಂದೇ ಅಳತೆಯ ಬಿಳಿ ಕಲ್ಲು, ಹೆಸರು, ವಯಸ್ಸು. ಇಪ್ಪತ್ತು, ಇಪ್ಪತ್ತೊಂದು, ಹತ್ತೊಂಬತ್ತು. 1945ರಿಂದ ಸುತ್ತಲಿನ ಶಾಲೆಗಳ ಮಕ್ಕಳು ಪ್ರತಿ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬರುತ್ತಾರೆ. ನಾವು ನೋಡಿದ ದಿನ ಒಂದೊಂದು ಕಲ್ಲಿನ ಹಿಂದೆ ಒಂದೊಂದು ಮಗು ಹೂ ಹಿಡಿದು ನಿಂತಿತ್ತು. ಸೂಚನೆ ಬಂದೊಡನೆ ಎಲ್ಲರೂ ಒಟ್ಟಿಗೆ ಬಗ್ಗಿ ಹೂ ಇಟ್ಟರು. ಮೊದಲ ವರ್ಷ ಹೂ ಇಟ್ಟ ಮಕ್ಕಳು ಇಂದು ಮುತ್ತಜ್ಜ ಮುತ್ತಜ್ಜಿಯರ ವಯಸ್ಸಿನವರು.

ಮಕ್ಕಳೇ, ಬರುವ ನವರಾತ್ರಿಗೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನಲ್ಲಿ ನೀವೂ ಇಂಥದ್ದೊಂದು ಸ್ಥಳ ಕಟ್ಟಬಹುದು. ಆರ್ನ್‌ಹೆಮ್ಮೇ ಆಗಬೇಕಿಲ್ಲ. ನಿಮ್ಮೂರಿನ ಕೋಟೆ, ಸೇತುವೆ, ಕೆರೆ ಏರಿ ಯಾವುದಾದರೂ ಸರಿ. ಥರ್ಮೊಕೋಲ್, ರಟ್ಟು, ಗೋಂದು ಸಾಕು. ದೂರವನ್ನು ಮೊದಲು ಅಳೆದುಕೊಳ್ಳಿ, ಅಳತೆ ಬರೆದಿಡಿ. ಮನೆಗಳನ್ನು ಮಾಡಿದ ಮೇಲೆ ಅಜ್ಜಿಯನ್ನು ಕರೆದು ಹಿಟ್ಟು ಕಲಸಲು ಹೇಳಿ. ಮನೆಯೊಳಗಿನವರು ಕೂತಾದ ಮೇಲೆ ಸೈನಿಕರ ಡಬ್ಬ ತೆಗೆಯಿರಿ.